ಹೊತ್ತು ಹೋಗದ ಮೊಗಸಾಲೆ

ಪ್ರೀತಿಯ ತಮ್ಮನಿಗೆ,

ನಿನ್ನ ಕಥೆ ಕೈಸೇರಿ ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಅಂಚೆಯ ದಾರಿ ಕಾಯುವವನಿಗೆ ಮೂರು ವಾರ ಎಷ್ಟು ಉದ್ದವೆಂದು ಬಲ್ಲೆ. ‘ನಾಳೆ ಓದಿದರಾಯಿತು’ ಎಂದು ಮುಂದೂಡುವವನಿಗೆ ಅದೆಷ್ಟು ಗಿಡ್ಡವೆಂದೂ ಈಗ ತಿಳಿಯಿತು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತ ಅಪ್ಪನೇ ನಿನ್ನ ಕಥೆಯ ಜೀವ. ಒಳಗೆ ಅಮ್ಮನ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗ ಆತ ಕಿತ್ತುಹೋದ ಚಪ್ಪಲಿಯ ಉಂಗುಷ್ಠವನ್ನು ಸರಿಪಡಿಸಲು ನೋಡುತ್ತಾನಲ್ಲ, ಆ ಸಾಲನ್ನು ಎರಡು ಸಲ ಓದಿದೆ. ಆದರೆ ಒಂಬತ್ತು ಪುಟಗಳಲ್ಲಿ ‘ಕಾಲ ನಿಂತುಹೋಯಿತು’ ಎಂದು ಎರಡು ಕಡೆ, ‘ಕ್ಷಣವೊಂದು ಯುಗವಾಯಿತು’ ಎಂದು ಮೂರು ಕಡೆ ಬರೆದಿದ್ದೀಯೆ. ಐದಕ್ಕೂ ಪೆನ್ಸಿಲ್ಲಿನಿಂದ ಸುತ್ತು ಹಾಕಿದ್ದೇನೆ. ನಿನ್ನ ವಯಸ್ಸಿನಲ್ಲಿ ನಾನೂ ಇವನ್ನೇ ಬರೆದಿದ್ದೆ, ಅದೂ ಹೆಮ್ಮೆಯಿಂದ.

ನನ್ನದು ಬಸ್ಸಿನ ಕಥೆ. ಒಂದು ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಇಳಿಯುವಾಗ ನಾನಿದ್ದ ಬಸ್ಸು ಜಾರಿ ಬಂಡೆಗೆ ಒರಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಕಂಡಕ್ಟರನ ಚರ್ಮದ ಚೀಲದಿಂದ ಚಿಲ್ಲರೆ ಒಂದೊಂದಾಗಿ ಉರುಳಿದ್ದು, ಮುಂದಿನ ಸೀಟಿನ ಹೆಂಗಸಿನ ಮುಡಿಯಿಂದ ಅಬ್ಬಲಿಗೆಯ ದಂಡೆ ಜಾರಿ ನನ್ನ ಮೊಣಕಾಲ ಮೇಲೆ ಬಿದ್ದದ್ದು, ಎಲ್ಲವೂ ಬಹಳ ನಿಧಾನವಾಗಿ ನಡೆದಂತೆ ನೆನಪು. ಅದನ್ನೇ ನಾಲ್ಕು ಪುಟ ಬರೆದು ‘ಕಾಲ ಸ್ತಬ್ಧವಾಗಿತ್ತು’ ಎಂದು ಮುಗಿಸಿದ್ದೆ. ಕೆಳಗಿಳಿದ ಡ್ರೈವರ್ ನಡುಗುವ ಕೈಯಲ್ಲಿ ಬೀಡಿ ಹಚ್ಚುತ್ತಾ ‘ಕಣ್ಣು ಮುಚ್ಚಿ ತೆಗೆಯುವುದರೊಳಗೆ ಆಗಿಹೋಯಿತು’ ಎಂದಿದ್ದ. ಅದನ್ನು ಮಾತ್ರ ಬಿಟ್ಟುಬಿಟ್ಟಿದ್ದೆ, ನನ್ನ ಕಥೆಗೆ ಅಡ್ಡ ಬರುತ್ತದೆಂದು!

ಬಹಳ ವರ್ಷಗಳ ಮೇಲೆ ಒಂದು ಪ್ರಯೋಗದ ವಿಷಯ ಓದಿದೆ. 2007ರಲ್ಲಿ ಪ್ರಕಟವಾದದ್ದು. ಅಮೆರಿಕದ ನರವಿಜ್ಞಾನಿ ಡೇವಿಡ್ ಈಗಲ್‌ಮನ್ ಮತ್ತು ಸಂಗಡಿಗರು ಜನರನ್ನು 31 ಮೀಟರ್ ಎತ್ತರದಿಂದ ಬೆನ್ನಡಿಯಾಗಿ ಬಲೆಯೊಂದಕ್ಕೆ ಬೀಳಿಸಿದರು. ಬೇರೆಯವರು ಬಿದ್ದದ್ದಕ್ಕೆ ಹೋಲಿಸಿದರೆ ತಾವು ಬಿದ್ದದ್ದು ಸುಮಾರು ಶೇ. 36ರಷ್ಟು ಹೆಚ್ಚು ಹೊತ್ತು ಎಂದು ಅವರ ಅಂದಾಜು. ಅವರ ಮಣಿಕಟ್ಟಿಗೆ ಅಂಕಿಗಳು ಮಿನುಗುವ ಒಂದು ಯಂತ್ರವನ್ನೂ ಕಟ್ಟಿದ್ದರು. ಮಿನುಗು ಎಷ್ಟು ವೇಗವೆಂದರೆ ಸುಮ್ಮನೆ ನಿಂತಾಗ ಓದಲಾಗದು. ಭಯದಲ್ಲಿ ಕಾಲ ನಿಜಕ್ಕೂ ನಿಧಾನವಾಗುವುದಾದರೆ ಬೀಳುವಾಗ ಆ ಅಂಕಿಗಳು ಬಿಡಿಬಿಡಿಯಾಗಿ ಕಾಣಬೇಕಿತ್ತು. ಕಾಣಲಿಲ್ಲ. ಭಯದ ಗಳಿಗೆಯಲ್ಲಿ ಮನಸ್ಸು ನೆನಪುಗಳನ್ನು ಒತ್ತೊತ್ತಾಗಿ ಪೇರಿಸಿಡುತ್ತದೆ, ಆಮೇಲೆ ಎಣಿಸುವಾಗ ಹೊತ್ತು ಹಿಗ್ಗಿದಂತೆ ತೋರುತ್ತದೆ ಎಂಬುದು ಅವರ ವಿವರಣೆ. ನನ್ನ ಚಿಲ್ಲರೆ, ಅಬ್ಬಲಿಗೆಗಳೂ ಹೀಗೆ ಪೇರಿಸಿಟ್ಟವೇ. ಅವನ್ನು ಬರೆದ ಮೇಲೆ ಕಾಲ ನಿಂತಿತೆಂದು ಬೇರೆ ಹೇಳಬೇಕಿರಲಿಲ್ಲ.

ನಿನ್ನ ಅಪ್ಪನ ಕಷ್ಟವೇ ಬೇರೆ. ಅಲ್ಲಿ ಏನೂ ಆಗುತ್ತಿಲ್ಲ. ಬಾಗಿಲು ತೆರೆಯುತ್ತಿಲ್ಲ, ಯಾರೂ ಹೆಸರು ಕೂಗುತ್ತಿಲ್ಲ. ಮಾಡಲು ಕೆಲಸವಿಲ್ಲದ ಮನಸ್ಸು ಹೊತ್ತನ್ನೇ ನೋಡುತ್ತಾ ಕೂರುತ್ತದೆ, ಹಾಲು ಉಕ್ಕುವುದನ್ನು ಕಾದು ನಿಂತ ಹಾಗೆ. ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಇದನ್ನು ಗುರುತಿಸಿದ್ದ: ಅನುಭವಗಳಿಂದ ತುಂಬಿದ ಕಾಲ ಕಳೆಯುವಾಗ ಚಿಕ್ಕದು, ಹಿಂತಿರುಗಿ ನೋಡಿದಾಗ ದೊಡ್ಡದು, ಬರಿದಾದ ಕಾಲ ಕಳೆಯುವಾಗ ದೊಡ್ಡದು, ನೆನೆಯುವಾಗ ಚಿಕ್ಕದು. ಊರ ಜಾತ್ರೆಯ ಮೂರು ದಿನ ಮತ್ತು ಜ್ವರ ಹಿಡಿದು ಮಲಗಿದ ಮೂರು ದಿನಗಳನ್ನು ಪಕ್ಕಪಕ್ಕ ಇಟ್ಟು ನೋಡು.

ನೀನು ಎಡವಿದ್ದು ಇಲ್ಲಿ. ಕಥೆ ಹೇಳುತ್ತಿರುವವನು ಮಗ, ಅದೂ ಹನ್ನೆರಡು ವರ್ಷಗಳ ನಂತರ. ಅವನ ನೆನಪಿನಲ್ಲಿ ಆ ರಾತ್ರಿ ಇಡಿಯಾಗಿ ಉಳಿದಿರಲಾರದು. ಫಿನಾಯಿಲ್ ವಾಸನೆ, ಒಂದು ತೊಟ್ಟಿಕ್ಕುವ ನಲ್ಲಿ, ಚಪ್ಪಲಿ ಹಿಡಿದ ಅಪ್ಪನ ಕೈ, ಅಷ್ಟೇ ಉಳಿದಿರಬೇಕು. ಆದರೆ ನೀನು ಗಂಟೆಗಂಟೆಯ ವರದಿ ಒಪ್ಪಿಸಿದ್ದೀಯೆ. ಅಪ್ಪನ ಒಳಗೆ ಕೂತು ಹೇಳುವುದಾದರೆ ಉದ್ದವಾಗಲಿ, ನಾವೂ ಕಾಯುತ್ತೇವೆ. ಮಗನ ನೆನಪಿನಿಂದ ಹೇಳುವುದಾದರೆ ಆ ರಾತ್ರಿಗೆ ಅರ್ಧ ಪುಟ ಸಾಕು. ಈಗಂತೂ ಎರಡು ಗಡಿಯಾರ ಒಂದೇ ಗೋಡೆಯ ಮೇಲಿವೆ.

ಇನ್ನೊಂದು ಮಾತು. ಕನ್ನಡದಲ್ಲಿ ‘ಹೊತ್ತು’ ಎಂದರೆ ಸಮಯವೂ ಹೌದು, ಸೂರ್ಯನೂ ಹೌದು. ಹೊತ್ತು ಹುಟ್ಟುತ್ತದೆ, ಮುಳುಗುತ್ತದೆ. ಬೇಸರವಾದಾಗ ಹೋಗುವುದೇ ಇಲ್ಲ. ನಿನ್ನ ಮೊಗಸಾಲೆಯಲ್ಲಿ ಕಿಟಕಿಯಿಲ್ಲ, ಟ್ಯೂಬ್‌ಲೈಟ್ ಮಾತ್ರ. 1962ರಲ್ಲಿ ಫ್ರಾನ್ಸಿನ ಯುವ ಭೂವಿಜ್ಞಾನಿ ಮಿಶೆಲ್ ಸಿಫ್ರ್ ಆಲ್ಪ್ಸ್ ಪರ್ವತದ ಗುಹೆಯೊಂದರಲ್ಲಿ ಗಡಿಯಾರವಿಲ್ಲದೆ ಎರಡು ತಿಂಗಳು ಕಳೆದ. ಪ್ರಯೋಗ ಮುಗಿಯಿತೆಂದು ಮೇಲಿನವರು ತಿಳಿಸಿದ ದಿನ ಸೆಪ್ಟೆಂಬರ್ 14. ಅವನ ಲೆಕ್ಕದಲ್ಲಿ ಇನ್ನೂ ಆಗಸ್ಟ್ 20. ಸೆಕೆಂಡಿಗೊಂದರಂತೆ 120ರವರೆಗೆ ಎಣಿಸುತ್ತೇನೆಂದು ಹೊರಟರೆ ಐದು ನಿಮಿಷ ಹಿಡಿಯುತ್ತಿತ್ತು. ಆದರೂ ಅವನ ನಿದ್ದೆ-ಎಚ್ಚರಗಳ ಸುತ್ತು 24 ಗಂಟೆಗಿಂತ ತುಸುವೇ ಹೆಚ್ಚಿತ್ತು. ಮನಸ್ಸು ಲೆಕ್ಕ ತಪ್ಪಿದರೂ ಮೈ ತಪ್ಪಿರಲಿಲ್ಲ. ನಿನ್ನ ಅಪ್ಪನಿಗೂ ಒಂದು ಮೈ ಕೊಡು. ಹಸಿವೆ ಬಂದು ಸತ್ತುಹೋಗಲಿ, ಕಾಲು ಜೋಮು ಹಿಡಿಯಲಿ, ನಸುಕಿಗೆ ಹಟ್ಟಿಯಲ್ಲಿ ಹಾಲು ಕರೆಯುವ ಹೊತ್ತೆಂದು ಅಭ್ಯಾಸಬಲದಿಂದ ಎದ್ದು ನಿಂತುಬಿಡಲಿ.

ಇದಕ್ಕೆಲ್ಲ ನಮ್ಮ ಕ್ರಿಯಾಪದಗಳೇ ನಿನ್ನ ಜೊತೆಗಿವೆ. ಕಾದ, ಕಾಯುತ್ತಿದ್ದ, ಕಾಯುತ್ತಲೇ ಇದ್ದ, ಕಾದು ಕಾದು: ಒಂದೊಂದರ ಉದ್ದವೂ ಬೇರೆ. ‘ಹೊರಟಳು’ ಎಂಬುದಕ್ಕೂ ‘ಹೊರಟುಬಿಟ್ಟಳು’ ಎಂಬುದಕ್ಕೂ ನಡುವೆ ಬಾಗಿಲು ಹಾಕಿದ ಸದ್ದಿದೆ. ಅಜ್ಜಿಯಂದಿರು ಮೂವತ್ತು ವರ್ಷ ಹಿಂದಿನ ಮದುವೆಯನ್ನು ‘ಮೊನ್ನೆ ಮೊನ್ನೆ’ ಎನ್ನುತ್ತಾರಲ್ಲ, ಅದನ್ನು ತಪ್ಪೆಂದು ತಿದ್ದಲು ಹೋಗಬೇಡ. ಅವರ ಮನಸ್ಸಿನ ಪಂಚಾಂಗದಲ್ಲಿ ಅದು ಮೊನ್ನೆಯೇ. ನಿನ್ನ ಕಥೆಯ ಮಗ ಒಮ್ಮೆಯಾದರೂ ಆ ರಾತ್ರಿಯನ್ನು ಹಾಗೆ ಕರೆದರೆ ಹನ್ನೆರಡು ವರ್ಷಗಳ ಲೆಕ್ಕ ಕೊಡುವ ಆ ಮೊದಲ ಪ್ಯಾರಾ ಬೇಕಾಗುವುದಿಲ್ಲ.

ಹಸ್ತಪ್ರತಿಯನ್ನು ಇದರೊಂದಿಗೆ ಕಳಿಸುತ್ತಿದ್ದೇನೆ. ಆರನೆಯ ಪುಟದ ನರ್ಸನ್ನು ಮಾತ್ರ ಮುಟ್ಟಬೇಡ, ಚೆನ್ನಾಗಿ ಬಂದಿದ್ದಾಳೆ. ನಾನೂ ಆ ಬಸ್ಸಿನ ಕಥೆಯನ್ನು ಮತ್ತೆ ಹೊರತೆಗೆದಿದ್ದೇನೆ; ಡ್ರೈವರನ ಮಾತನ್ನು ಎಲ್ಲಿ ಸೇರಿಸುವುದೆಂದು ಇನ್ನೂ ಹೊಳೆದಿಲ್ಲ.

ನಿನ್ನ ಅಣ್ಣ