ರಕ್ತದ ಹಿಂದೆ ಹೊರಟ ಮಗಳಿಗೆ

ಕಲಬುರಗಿ

ಪ್ರೀತಿಯ ಅವ್ವಿ,

ಎಂ.ಡಿ. ಮುಗಿದ ಮೇಲೆ ದವಾಖಾನೆ ಹಾಕುವುದಿಲ್ಲ, ರಕ್ತ ಹೆಪ್ಪುಗಟ್ಟುವುದರ ಮೇಲೆ ಸಂಶೋಧನೆ ಮಾಡ್ತೀನಿ ಅಂದಿ. ನಿಮ್ಮವ್ವಗೆ ಇನ್ನೂ ಸಮಾಧಾನವಿಲ್ಲ. ‘ಮಂದಿ ನಾಡಿ ಹಿಡೀದಾಕಿ ಎಂಥಾ ಡಾಕ್ಟರು?’ ಅಂತಾಳ. ನನ್ನದೇನೂ ತಕರಾರಿಲ್ಲ. ಪ್ರಯೋಗಾಲಯ ಸೇರಿದರೂ ವಾರ್ಡು ಬಿಡಬೇಡ, ಅಷ್ಟೇ.

ಔಷಧದ ಅಂಗಡಿಯಲ್ಲಿ ಕೂತು ತಲೆ ಬೆಳ್ಳಗಾದವನು ನಾನು. ರಕ್ತ ಹೆಪ್ಪುಗಟ್ಟದಂತೆ ತಡೆಯಲು ದಿನಾ ಮಾರುವ ವಾರ್ಫರಿನ್ ಗುಳಿಗೆಯ ಮೂಲ ಮೇವಿನಲ್ಲಿದೆ ಎಂದು ಓದಿದಾಗ ಬೆರಗಾಗಿತ್ತು. 1933ರ ಫೆಬ್ರವರಿಯಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ರೈತ ಎಡ್ ಕಾರ್ಲ್‌ಸನ್ ತನ್ನ ಸತ್ತ ಆಕಳು, ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ, ಕೆಟ್ಟುಹೋದ ಕ್ಲೋವರ್ ಮೇವು ಎಲ್ಲವನ್ನೂ ಗಾಡಿಯಲ್ಲಿ ಹೇರಿಕೊಂಡು, ಹಿಮಗಾಳಿಯಲ್ಲೇ ಬಂದ. ಪಶುವೈದ್ಯರ ಕಚೇರಿ ಮುಚ್ಚಿತ್ತು. ಬಾಗಿಲು ತೆರೆದಿದ್ದದ್ದು ಜೀವರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಅವರದು. ರಕ್ತ ಹೆಪ್ಪುಗಟ್ಟದಂತೆ ಮಾಡಿದ್ದ ಆ ಮೇವಿನ ವಿಷವನ್ನು ಅವರ ತಂಡ ಬೇರ್ಪಡಿಸಿದ್ದು 1939ರಲ್ಲಿ. ಅದೇ ಜಾಡಿನಲ್ಲಿ ಹುಟ್ಟಿದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಪೇಟೆಗೆ ಬಂತು. 1955ರಲ್ಲಿ ಹೃದಯಾಘಾತವಾದ ಅಧ್ಯಕ್ಷ ಐಸೆನ್‌ಹೋವರ್‌ಗೂ ಅದನ್ನೇ ಕೊಟ್ಟರು. ಇಲಿಗೆ ಇಟ್ಟದ್ದನ್ನು ದೊರೆಗೂ ಕೊಟ್ಟರು ನೋಡು!

ಲಿಂಕ್ ವೈದ್ಯರಲ್ಲ, ರೈತ ಬಂದಿದ್ದಕ್ಕೆ ಪ್ರಶ್ನೆ ಸಿಕ್ಕಿತು. ನೀನು ವೈದ್ಯೆ, ಪ್ರಶ್ನೆ ಹಾಸಿಗೆಯ ಮೇಲೆಯೇ ಮಲಗಿರುತ್ತದೆ. ಬೆಲ್ಜಿಯಂನ ಡೆಸಿರೆ ಕೊಲೆನ್ ವೈದ್ಯಕೀಯ ಓದಿ, ಹೆಪ್ಪು ಕರಗಿಸುವ ಟಿಪಿಎ ಔಷಧದ ಕೆಲಸಕ್ಕೆ ಇಳಿದವರು. ಈಗ ಲಕ್ವಾ ಹೊಡೆದವರಿಗೆ, ಮಿದುಳಲ್ಲಿ ರಕ್ತಸ್ರಾವ ಇಲ್ಲವೆಂದು ಸ್ಕ್ಯಾನಿನಲ್ಲಿ ಖಾತ್ರಿಯಾದರೆ, ನಾಲ್ಕೂವರೆ ತಾಸಿನೊಳಗೆ ಅದನ್ನು ಕೊಡುತ್ತಾರೆ.

ಇನ್ನು ನನ್ನ ಅಂಗಡಿಯ ಪ್ರಶ್ನೆ. ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡವರು ಚಿಂಚೋಳಿ, ಜೇವರ್ಗಿ, ಅಫಜಲಪುರದಿಂದ ಬರುತ್ತಾರೆ. ಹೊಸ ಗುಳಿಗೆಗಳು ಎಷ್ಟೇ ಬಂದರೂ ಇವರಿಗೆ ವಾರ್ಫರಿನ್ ಥರದ ಹಳೆಯ ಜಾತಿಯವೇ ಗತಿ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದರ ಅಳತೆಯಾದ ಐಎನ್‌ಆರ್ ಇಳಿದರೆ ಕವಾಟದ ಮೇಲೆ ಹೆಪ್ಪು, ಏರಿದರೆ ರಕ್ತಸ್ರಾವ. ಸೊಪ್ಪಿನ ಕೆ ಜೀವಸತ್ವ ಈ ಗುಳಿಗೆಗೆ ಎದುರಾಗಿ ನಿಲ್ಲುತ್ತದೆ. ‘ಸಾಹೇಬ್ರ, ಪುಂಡಿ ಪಲ್ಯ ತಿನ್ನಬೇಕೋ ಬ್ಯಾಡೋ?’ ಅಂತ ಕೇಳುತ್ತಾರೆ. ಕೆಲವರು ಹೆದರಿ ಸೊಪ್ಪನ್ನೇ ಬಿಟ್ಟಿದ್ದಾರೆ. ಬಿಡಬೇಡಿ, ದಿನಾ ಒಂದೇ ಅಳತೆಯಲ್ಲಿ ತಿನ್ನಿ ಅನ್ನುತ್ತೇನೆ. ಹೇಳುವುದು ಸುಲಭ. ಮಳೆಗಾಲದಲ್ಲಿ ಪುಂಡಿ, ಮೆಂತ್ಯ, ರಾಜಗಿರಿ ಬೇಕಾದಷ್ಟು. ಮೇ ತಿಂಗಳ ಬಿಸಿಲಲ್ಲಿ ರೊಟ್ಟಿ, ತೊಗರಿಬೇಳೆ, ಶೇಂಗಾ ಹಿಂಡಿಯಲ್ಲೇ ದಿನ ಕಳೆಯುವ ಮನೆಗಳೆಷ್ಟೋ. ಒಂದೇ ಅಳತೆ ಎಲ್ಲಿಂದ ಬರಬೇಕು? ಋತು ಬದಲಾದಾಗ ಇವರ ಐಎನ್‌ಆರ್ ಎತ್ತ ಸರಿಯುತ್ತದೆ, ಗುಳಿಗೆಯ ಪ್ರಮಾಣ ಬದಲಿಸಬೇಕೇ — ಇದನ್ನು ಅಳೆಯಲು ದೊಡ್ಡ ಯಂತ್ರ ಬೇಡ, ಊರೂರಿಗೆ ಹೋಗುವ ಕಾಲು ಬೇಕು.

ನಿನ್ನ ಗೈಡ್ ಹತ್ತಿರ ಒಮ್ಮೆ ಮಾತಾಡು. ಅವರು ನಕ್ಕರೆ ನಗಲಿ. ದೀಪಾವಳಿಗೆ ಬಂದಾಗ ಎರಡು ದಿನ ಗಲ್ಲಾದ ಪಕ್ಕ ಕೂತು ಗಿರಾಕಿಗಳನ್ನು ನೀನೇ ಕೇಳು. ನಿಮ್ಮವ್ವನಿಗೆ ನಾನು ಹೇಳಿಕೊಳ್ಳುತ್ತೇನೆ.

ಇಂತಿ,
ನಿನ್ನ ಅಪ್ಪ