ಮಗಳಿಗೊಂದು ಪತ್ರ: ಈಸೂರಿನ ಆ ಐದು ಜನ

ಪ್ರೀತಿಯ ಪುಟ್ಟಿ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ. ನೀನು ಗೆಳತಿಯರ ಜೊತೆ ಬೆಂಗಳೂರಿನ ಫ್ರೀಡಂ ಪಾರ್ಕಿಗೆ, ಅದೇ ಹಳೇ ಸೆಂಟ್ರಲ್ ಜೈಲಿನ ಜಾಗಕ್ಕೆ, ಹೋಗಿ ಬಂದಿದ್ದೆ. "ಅಪ್ಪಾ, ಈಸೂರಿನವರನ್ನು ಗಲ್ಲಿಗೆ ಹಾಕಿದ್ದು ಇಲ್ಲೇ ಅಲ್ವಾ? ಅವರು ಇಬ್ಬರು ಅಧಿಕಾರಿಗಳನ್ನು ಕೊಂದಿದ್ರಂತೆ. ಮತ್ತೆ ಹುತಾತ್ಮರು ಹೇಗಾದ್ರು?" ಅಂದೆ. "ಅದು ದೊಡ್ಡ ಕಥೆ, ಊಟ ಆಯ್ತಾ?" ಅಂತ ನಾನು ಮಾತು ತಿರುಗಿಸಿದೆ. ಆಮೇಲೆ ನಿದ್ದೆ ಹತ್ತಲಿಲ್ಲ. ನಮ್ಮದೇ ಶಿವಮೊಗ್ಗ ಜಿಲ್ಲೆಯ ಕಥೆ, ನಾನೇ ಹೇಳದಿದ್ದರೆ ನಿನಗೆ ಯಾರು ಹೇಳುತ್ತಾರೆ?

ಮೊದಲು ನನ್ನ ಅಜ್ಜಿಯಿಂದ ಶುರು ಮಾಡುತ್ತೇನೆ. ಮನೆಗೆ ಕರೆಂಟು ಬಂದು ಎಷ್ಟೋ ವರ್ಷವಾದ ಮೇಲೂ ಅಜ್ಜಿ ಸೀಮೆಎಣ್ಣೆ ಬುಡ್ಡಿಯ ಬತ್ತಿ ಇಳಿಸುತ್ತಲೇ ಇರುತ್ತಿದ್ದರು. ಕರೆಂಟು ಹೋದಾಗ ಬುಡ್ಡಿ ಹಚ್ಚಿ, ಹೆಬ್ಬೆರಳು ತೋರುಬೆರಳಲ್ಲಿ ಆ ಪುಟ್ಟ ತಿರುಪು ಹಿಡಿದು, ಉರಿ ಕಡಲೆಕಾಳಿನಷ್ಟು ಆಗುವವರೆಗೆ ಇಳಿಸೋರು. "ಓದೋಕೆ ಆಗಲ್ಲ ಅಜ್ಜಿ" ಅಂದರೆ "ಎಣ್ಣೆ ಸಿಗಲ್ಲ ಮಗಾ" ಅನ್ನೋರು. ಎಣ್ಣೆ ಡಬ್ಬ ಪಕ್ಕದಲ್ಲೇ ತುಂಬಿರುತ್ತಿತ್ತು. ಅವರ ಕೈ ಮಾತ್ರ ಇನ್ನೂ ಯುದ್ಧದ ಕಾಲದಲ್ಲೇ ಇತ್ತು.

1942ರ ಮಾರ್ಚಿನಲ್ಲಿ ಜಪಾನಿನವರು ರಂಗೂನ್ ಹಿಡಿದರು. ಬರ್ಮಾದಿಂದ ಬರುತ್ತಿದ್ದ ಅಕ್ಕಿ, ಸೀಮೆಎಣ್ಣೆ ನಿಂತುಹೋಯಿತು. ಬೆಲೆ ಏರಿತು, ರೇಷನ್ ಬಂತು. ಆ ಯುದ್ಧಕ್ಕೆ ಸೇರುತ್ತೀರಾ ಅಂತ ನಮ್ಮನ್ನು ಯಾರೂ ಕೇಳಿರಲಿಲ್ಲ. 1939ರಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಭಾರತವೂ ಯುದ್ಧದಲ್ಲಿದೆ ಎಂದು ಘೋಷಿಸಿಬಿಟ್ಟ, ಅಷ್ಟೇ. ಯುದ್ಧ ಮುಗಿಯುವ ಹೊತ್ತಿಗೆ ನಮ್ಮ ಸೈನ್ಯದಲ್ಲಿ ಸುಮಾರು 25 ಲಕ್ಷ ಜನರಿದ್ದರು. ಬೇರೆ ದೇಶಗಳ ಬಿಡುಗಡೆಗೆ ನಮ್ಮ ಹುಡುಗರು ಆಫ್ರಿಕಾದಲ್ಲಿ, ಇಟಲಿಯಲ್ಲಿ, ಬರ್ಮಾದಲ್ಲಿ ಸತ್ತರು. ಇಲ್ಲಿ ಮನೆಯಲ್ಲಿ "ನಮಗೆ ಸ್ವಾತಂತ್ರ್ಯ ಕೊಡಿ" ಅಂದವರು ಜೈಲು ಸೇರಿದರು. ಈ ಹಿನ್ನೆಲೆ ಗೊತ್ತಿಲ್ಲದೆ ಈಸೂರು ಅರ್ಥವಾಗಲ್ಲ, ಅದಕ್ಕೇ ಇಷ್ಟು ಹೇಳಿದೆ.

1942ರ ಆಗಸ್ಟ್ 8ಕ್ಕೆ ಬೊಂಬಾಯಿಯಲ್ಲಿ 'ಭಾರತ ಬಿಟ್ಟು ತೊಲಗಿ' ನಿರ್ಣಯ ಆಯಿತು. ಬೆಳಗಾಗುವುದರೊಳಗೆ ಗಾಂಧೀಜಿ ಸೇರಿ ದೊಡ್ಡ ನಾಯಕರೆಲ್ಲ ಬಂಧನದಲ್ಲಿದ್ದರು. ಮುಂದೇನು ಮಾಡಬೇಕು ಅಂತ ಹೇಳುವವರಿಲ್ಲ. ಊರಿನವರು ತಮಗೆ ತೋಚಿದ್ದು ಮಾಡಿದರು.

ಶಿಕಾರಿಪುರ ತಾಲ್ಲೂಕಿನ ಈಸೂರಿನವರು ತಮ್ಮ ಹಳ್ಳಿಯೇ ಸ್ವತಂತ್ರ ಅಂತ ಸಾರಿದರು. ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಹಾರಿಸಿದರು. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳು ಒಳಗೆ ಬರಕೂಡದು ಅಂತ ಊರಬಾಗಿಲಲ್ಲಿ ಬೋರ್ಡು ಹಾಕಿದರು. ತಮ್ಮದೇ ಸರ್ಕಾರ ಮಾಡಿಕೊಂಡು, ಮೀಸೆ ಮೂಡದ ಇಬ್ಬರು ಹುಡುಗರಲ್ಲಿ ಒಬ್ಬನನ್ನು ಅಮಲ್ದಾರ (ಈಗಿನ ತಹಶೀಲ್ದಾರ), ಇನ್ನೊಬ್ಬನನ್ನು ಸಬ್‌ಇನ್‌ಸ್ಪೆಕ್ಟರ್ ಮಾಡಿದರು. ಚಿಕ್ಕವರನ್ನು ಜೈಲಿಗೆ ಹಾಕಲಾರರು ಅನ್ನೋ ಲೆಕ್ಕ. ಆ ಹುಡುಗರ ತಾಯಂದಿರನ್ನು ನಾನು ಆಗಾಗ ನೆನೆಯುತ್ತೇನೆ. ಆವತ್ತು ರಾತ್ರಿ ಮಗನಿಗೆ ಮುದ್ದೆ ಬಡಿಸುತ್ತಾ ಏನು ಅಂದುಕೊಂಡಿರಬಹುದು?

ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರರು, ಸಬ್‌ಇನ್‌ಸ್ಪೆಕ್ಟರು ಪೊಲೀಸರೊಡನೆ ಊರಿಗೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಅಂತ ಜನ ಪಟ್ಟು ಹಿಡಿದರು. ಮಾತಿಗೆ ಮಾತು ಬೆಳೆಯಿತು, ಲಾಠಿ ಬೀಸಿತು, ಗುಂಡು ಹಾರಿತು. ಸಿಟ್ಟಿಗೆದ್ದ ಜನ ಇಬ್ಬರೂ ಅಧಿಕಾರಿಗಳನ್ನು ಕೊಂದರು. ಇದನ್ನು ಮುಚ್ಚಿಟ್ಟು ನಿನಗೆ ಕಥೆ ಹೇಳಲಾರೆ. ಸತ್ತವರೂ ಕನ್ನಡದವರೇ. ಅವರ ಮನೆಯಲ್ಲೂ ಆ ರಾತ್ರಿ ದಾರಿ ಕಾಯುತ್ತಿದ್ದವರು ಇದ್ದರು.

ಆಮೇಲೆ ಊರಿಗೆ ಪಡೆ ನುಗ್ಗಿತು. ಮನೆಗಳು ಸುಟ್ಟವು, ಲೂಟಿಯಾದವು. ಜನ ಮಕ್ಕಳುಮರಿ ಕಟ್ಟಿಕೊಂಡು ಕಾಡು ಸೇರಿದರು. ಹೆಂಗಸರಿಗೂ ಜೀವಾವಧಿ ಶಿಕ್ಷೆಯಾಯಿತು. 1943ರ ಮಾರ್ಚ್ 8ರಿಂದ 10ರೊಳಗೆ, ನೀನು ಮೊನ್ನೆ ಓಡಾಡಿ ಬಂದೆಯಲ್ಲ, ಅದೇ ಸೆಂಟ್ರಲ್ ಜೈಲಿನಲ್ಲಿ ಐದು ಜನರನ್ನು ಗಲ್ಲಿಗೇರಿಸಿದರು. ಗುರಪ್ಪ, ಜಿನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡಕಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ.

ಹುತಾತ್ಮರು ಹೇಗಾದರು ಅಂತ ಕೇಳಿದೆ. ಕೊಂದದ್ದಕ್ಕಲ್ಲ ಪುಟ್ಟಿ. ಕೊಲೆ ತಪ್ಪೇ, ಗಾಂಧೀಜಿ ಅಲ್ಲಿ ಇದ್ದಿದ್ದರೂ ಹಾಗೇ ಹೇಳುತ್ತಿದ್ದರು. ಆದರೆ ನೂರಾರು ಜನರ ಗುಂಪಿನಲ್ಲಿ ನಡೆದದ್ದಕ್ಕೆ ಐವರ ಕೊರಳು ಹೋಯಿತು. ಒಂದು ಇಡೀ ಊರು ಕೇಳಿದ ಸ್ವಾತಂತ್ರ್ಯದ ಬೆಲೆಯನ್ನು ಅವರು ತೆತ್ತರು. "ಏಸೂರು ಕೊಟ್ಟರೂ ಈಸೂರು ಕೊಡೆವು" ಅಂತ ಜನ ಇವತ್ತಿಗೂ ಅನ್ನುವುದು ಅದಕ್ಕೆ. ನನಗೆ ಆ ಕೊಲೆ, ಈ ಬಲಿ ಎರಡೂ ಒಟ್ಟಿಗೇ ನೆನಪಾಗುತ್ತವೆ, ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲು ಮನಸ್ಸು ಒಪ್ಪಲ್ಲ.

ಅದಾಗಿ ಮೂರೇ ವಾರಕ್ಕೆ, ಏಪ್ರಿಲ್ 1ರಂದು, ಹಾವೇರಿ ಕಡೆಯ ಹೊಸರಿತ್ತಿಯಲ್ಲಿ ಮೈಲಾರ ಮಹದೇವಪ್ಪ ಗುಂಡಿಗೆ ಬಲಿಯಾದರು. ಈಸೂರು ಮೈಸೂರು ಸಂಸ್ಥಾನದಲ್ಲಿತ್ತು, ಅವರ ಊರು ಮೋಟೆಬೆನ್ನೂರು ಬೊಂಬಾಯಿ ಪ್ರಾಂತ್ಯದಲ್ಲಿತ್ತು. ಒಂದೇ ಭಾಷೆ, ನಡುವೆ ಗಡಿ. ದಂಡಿ ಯಾತ್ರೆಯಲ್ಲಿ ಗಾಂಧೀಜಿ ಜೊತೆ ಸುಮಾರು 385 ಕಿಲೋಮೀಟರ್ ನಡೆದಾಗ ಅವರಿಗೆ ಹದಿನೆಂಟು. ಈಗ ನಿನಗಿರುವಷ್ಟೇ ವಯಸ್ಸು. ಹೆಂಡತಿ ಸಿದ್ದಮ್ಮನವರೂ ಸಾಬರಮತಿಗೆ ಹೋದರು, ಜೈಲಿಗೂ ಹೋದರು. ಹೊಸರಿತ್ತಿಯ ಗುಡಿಯಲ್ಲಿ ಸರ್ಕಾರ ಇಟ್ಟಿದ್ದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ಮಹದೇವಪ್ಪನವರ ಜೊತೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಕೂಡ ಸತ್ತರು. ಮೂವತ್ತೆರಡು ತುಂಬಿರಲಿಲ್ಲ ಮಹದೇವಪ್ಪನವರಿಗೆ. ಸಿದ್ದಮ್ಮನವರ ಬಗ್ಗೆ ನಾವು ಜಾಸ್ತಿ ಮಾತಾಡುವುದಿಲ್ಲ, ಅದು ನನಗೆ ಸರಿ ಕಾಣಲ್ಲ.

ಇನ್ನೊಮ್ಮೆ ಫ್ರೀಡಂ ಪಾರ್ಕಿಗೆ ಹೋದರೆ ಹಳೇ ಬ್ಯಾರಕ್ಕಿನ ಒಂದು ಕೋಣೆಯೊಳಗೆ ಸ್ವಲ್ಪ ಹೊತ್ತು ಸುಮ್ನೆ ನಿಲ್ಲು. ಫೋಟೋ ಆಮೇಲೆ ತೆಗೆದುಕೋ. ಆ ಐದು ಹೆಸರನ್ನು ಒಂದು ಸಲ ಬಾಯಿಬಿಟ್ಟು ಹೇಳು, ಗೆಳತಿಯರಿಗೂ ಕೇಳಿಸಲಿ.

ದೀಪಾವಳಿಗೆ ಬರುತ್ತೀಯಲ್ಲ, ಒಂದು ದಿನ ಈಸೂರಿಗೆ, ಮಾರನೇ ದಿನ ಹಾವೇರಿಗೆ ಹೋಗೋಣ. ಹಾವೇರಿಯಲ್ಲಿರುವ ಮಹದೇವಪ್ಪನವರ ಸ್ಮಾರಕ ವೀರಸೌಧ ಅಮ್ಮನೂ ನೋಡಿಲ್ಲ, ಬೆಳಗಿನ ಮೊದಲ ಬಸ್ಸಿಗೇ ಹೊರಡೋಣ ಅಂತಿದ್ದಾಳೆ.

ನಿನ್ನ,
ಅಪ್ಪ