ಹಲ್ಲು ಕೀಳಿಸುವ ಮೊದಲು

ಚಿರಂಜೀವಿ ಪುಟ್ಟಿಗೆ ಮಾವನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನ್ನೆ ಅಕ್ಕ ಫೋನ್ ಮಾಡಿ ಎರಡು ಸುದ್ದಿ ಹೇಳಿದಳು. ಮುಂದಿನ ವಾರ ನೀನು ಬುದ್ಧಿಹಲ್ಲು ಕೀಳಿಸುತ್ತೀಯಂತೆ. ಇನ್ನೊಂದು, ಹುಬ್ಬಳ್ಳಿ ಕಡೆಯಿಂದ ಒಂದು ಸಂಬಂಧ ಬಂದಿದೆಯಂತೆ. ಸಂಬಂಧದ ಮಾತು ಆಮೇಲೆ. ಹಲ್ಲಿನ ಸುದ್ದಿ ಕೇಳಿ ರಾತ್ರಿಯೆಲ್ಲ ನನಗೆ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನನಗೆ 7 ವರ್ಷ ಇದ್ದಾಗ ಒಂದು ಹಾಲುಹಲ್ಲು ಬಿತ್ತು. ಮೂರನೇ ದಿನವೂ ರಕ್ತ ಜಿನುಗುತ್ತಲೇ ಇತ್ತು. ಅವ್ವ ಅರಿಶಿನ ಒತ್ತಿದಳು, ಕಾಫಿಪುಡಿ ಒತ್ತಿದಳು. ಬೆಳಿಗ್ಗೆ ಎದ್ದರೆ ದಿಂಬಿನ ಬಟ್ಟೆ ಒಣಗಿ ಗಟ್ಟಿಯಾಗಿ ಕೆನ್ನೆಗೆ ಅಂಟಿಕೊಂಡಿತ್ತು. ನಿಮ್ಮಮ್ಮನಿಗೆ ಆಗ 11 ವರ್ಷ. ಬಿಸಿನೀರಲ್ಲಿ ಪಂಚೆಯ ಚೂರು ಅದ್ದಿ ಅದನ್ನು ಮೆಲ್ಲಗೆ ಬಿಡಿಸಿದ್ದು ಅವಳೇ. ಆಸ್ಪತ್ರೆಯಲ್ಲಿ ರಕ್ತ ಏರಿಸಿದ ಮೇಲೆ ನಿಂತಿತು. ಹೀಗೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆಗೆ ಹಿಮೋಫಿಲಿಯಾ ಅನ್ನುವ ಹೆಸರಿದೆ ಅಂತ ನಮ್ಮ ಕಿವಿಗೆ ಬಿದ್ದದ್ದು ಇನ್ನೂ ಹತ್ತು ವರ್ಷದ ಮೇಲೆ. ಅಷ್ಟರಲ್ಲಿ ಒಳಗೊಳಗೇ ರಕ್ತ ತುಂಬಿ ತುಂಬಿ ನನ್ನ ಎಡ ಮಂಡಿ ಬಗ್ಗದ ಹಾಗಾಗಿತ್ತು. ನನಗಿಂತ ಮೊದಲು ಹುಟ್ಟಿದ ಅಣ್ಣ ಒಂದೂವರೆ ವರ್ಷಕ್ಕೇ ಜಗಲಿಯಿಂದ ಬಿದ್ದು ತೀರಿಕೊಂಡಿದ್ದ. ಊರವರು ನಾಗದೋಷ ಅಂದರು. ಅವ್ವನ ಹೊಟ್ಟೆಯ ದೋಷ ಅಂದವರು ಮನೆಯೊಳಗೇ ಇದ್ದರು.

ದೋಷ ಅಲ್ಲ ಪುಟ್ಟಿ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳಲ್ಲಿ ಎಂಟನೇ ಫ್ಯಾಕ್ಟರ್ ಅಂತ ಒಂದಿದೆ. ನನ್ನ ರಕ್ತದಲ್ಲಿ ಅದು ನೂರಕ್ಕೆ 1ರಷ್ಟೂ ಇಲ್ಲ. ಅದನ್ನು ಮಾಡುವ ಜೀನು ಎಕ್ಸ್ ಕ್ರೋಮೋಸೋಮಿನಲ್ಲಿದೆ, ಅಂದರೆ ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ ಜೀನುಗಳ ಎಳೆಗಳಲ್ಲಿ ಒಂದರಲ್ಲಿ. ಗಂಡಸಿಗೆ ಎಕ್ಸ್ ಒಂದೇ, ಅದು ಕೆಟ್ಟರೆ ಬೇರೆ ದಾರಿಯಿಲ್ಲ. ಹೆಂಗಸಿಗೆ ಎರಡು, ಒಂದು ಕೆಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ಅಂಥವರನ್ನು ಕ್ಯಾರಿಯರ್ ಅನ್ನುತ್ತಾರೆ. ಅವ್ವ ಕ್ಯಾರಿಯರ್ ಆಗಿದ್ದಳು. ಅಕ್ಕನಿಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಅವಳಿಗೆ ನೀನೊಬ್ಬಳೇ ಮಗಳು, ಗಂಡುಮಕ್ಕಳಿಲ್ಲ, ಹಾಗಾಗಿ ಪರೀಕ್ಷೆ ಮಾಡಿಸುವ ಮಾತೇ ಬರಲಿಲ್ಲ. ಲೆಕ್ಕ ಹಾಕಿದರೆ ನಿನ್ನ ಪಾಲಿಗೆ ನಾಲ್ಕರಲ್ಲಿ ಒಂದು.

ಕ್ಯಾರಿಯರ್ ಅಂದರೆ ಸುಮ್ನೆ ಮಕ್ಕಳಿಗೆ ದಾಟಿಸುವವರು, ಅವರಿಗೇನೂ ಆಗಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಕೆಲವರಿಗೆ ಫ್ಯಾಕ್ಟರ್ ಕಡಿಮೆಯೇ ಇರುತ್ತದೆ. ಮುಟ್ಟಿನಲ್ಲಿ ಜಾಸ್ತಿ ಹೋಗುವುದು, ಹಲ್ಲು ಕಿತ್ತಾಗ, ಆಪರೇಷನ್ನಿನಲ್ಲಿ, ಹೆರಿಗೆ ಆದಮೇಲೆ ರಕ್ತ ನಿಲ್ಲದಿರುವುದು, ಇವೆಲ್ಲ ಆಗುತ್ತವೆ. ನಿನಗೆ ತಿಂಗಳು ತಿಂಗಳು 9 ದಿನ ಹೋಗುತ್ತದೆ, ಕಬ್ಬಿಣದ ಮಾತ್ರೆ ನುಂಗುತ್ತಿದ್ದೀಯ ಅಂತ ಅತ್ತೆ ಹೇಳಿದಳು. ಇದನ್ನೆಲ್ಲ ಮಾವ ಬರೆಯಬೇಕಾ ಅಂತ ನಿನಗೆ ಅನ್ನಿಸಬಹುದು. ನಮ್ಮ ಮನೆಯಲ್ಲಿ ನಾಚಿಕೆಗೆ ಬಾಯಿ ಮುಚ್ಚಿಕೊಂಡು ಕಳೆದುಕೊಂಡದ್ದು ಸಾಕು.

ಹಾಗಾಗಿ ಹಲ್ಲನ್ನು ಮುಂದಕ್ಕೆ ಹಾಕು. ಮೊದಲು ರಕ್ತದ ಕಾಯಿಲೆಯ ಡಾಕ್ಟರ ಹತ್ತಿರ ಹೋಗಿ ಎಂಟನೇ ಫ್ಯಾಕ್ಟರ್ ಎಷ್ಟಿದೆ ಅಂತ ನೋಡಿಸು. ಮನೆಯಲ್ಲಿ ಹಿಮೋಫಿಲಿಯಾ ಇದೆ ಅಂತ ಹಲ್ಲಿನ ಡಾಕ್ಟರಿಗೂ ಹೇಳು. ಕಡಿಮೆ ಇದ್ದರೆ ಕೀಳುವ ಮೊದಲೇ ಔಷಧಿ ಕೊಡುತ್ತಾರೆ, ಭಯಪಡುವಂಥದ್ದೇನಿಲ್ಲ. ನೋವು ಅಂತ ಆಸ್ಪಿರಿನ್, ಬ್ರೂಫೆನ್ ತಗೋಬೇಡ. ಪ್ಯಾರಾಸಿಟಮಾಲ್ ಸಾಕು. ಇನ್ನೊಂದು ನೆನಪಿಡು: ಫ್ಯಾಕ್ಟರ್ ಸರಿಯಾಗಿದ್ದ ಮಾತ್ರಕ್ಕೆ ಕ್ಯಾರಿಯರ್ ಅಲ್ಲ ಅಂತ ಹೇಳಲಾಗದು. ಅದಕ್ಕೆ ಜೀನಿನ ಪರೀಕ್ಷೆಯೇ ಆಗಬೇಕು. ಮೊದಲು ನನ್ನ ರಕ್ತದಲ್ಲಿ ತಪ್ಪು ಎಲ್ಲಿದೆ ಅಂತ ಹುಡುಕಿ, ಆಮೇಲೆ ನಿನ್ನದರಲ್ಲಿ ಅದನ್ನೇ ನೋಡುತ್ತಾರೆ.

ಈಗ ಸಂಬಂಧದ ಮಾತು. ನನ್ನಂಥವನ ಹೆಣ್ಣುಮಕ್ಕಳೆಲ್ಲ ಕ್ಯಾರಿಯರ್ರೇ, ನನ್ನಲ್ಲಿ ಕೊಡಲು ಇರುವುದು ಆ ಒಂದೇ ಎಕ್ಸ್. ನಮ್ಮ ದೊಡ್ಡವಳನ್ನು ನೋಡಲು ಬಂದವರಿಗೆ ಮೊದಲ ದಿನವೇ ಹೇಳಿದೆ. ಒಂದು ಮನೆಯವರು ಉಪ್ಪಿಟ್ಟು ತಿಂದು, ಫೋನ್ ಮಾಡುತ್ತೇವೆ ಅಂತ ಹೋದರು. ಮಾಡಲಿಲ್ಲ. ನಿಮ್ಮತ್ತೆ ಒಂದು ವಾರ ಅತ್ತಳು, ಹೇಳಬಾರದಿತ್ತು ಅಂತ ನನ್ನನ್ನು ಬೈದಳು. ಆಮೇಲೆ ಬಂದ ಹುಡುಗ, "ಮೊದಲೇ ಗೊತ್ತಿದ್ದರೆ ಒಳ್ಳೆಯದೇ ಅಲ್ವಾ ಮಾವ, ಹೆರಿಗೆ ಹೊತ್ತಿಗೆ ತಯಾರಾಗಿರಬಹುದು" ಅಂದ. ಅವನೇ ಈಗ ನಮ್ಮ ಅಳಿಯ. ಮೊಮ್ಮಗನಿಗೆ ಇದು ಬಂದಿದೆ, ನಿನಗೆ ಗೊತ್ತಲ್ಲ. ವಾರಕ್ಕೆ ಎರಡು ಸಲ ಫ್ಯಾಕ್ಟರ್ ಇಂಜೆಕ್ಷನ್ ಕೊಡಿಸುತ್ತಾರೆ. ನಮ್ಮ ಕಾಲದಲ್ಲಿ ಕನಸಿನಲ್ಲೂ ಇರದಿದ್ದ ಔಷಧಿ ಈಗ ಸರ್ಕಾರಿ ಜಿಲ್ಲಾಸ್ಪತ್ರೆಗಳಲ್ಲಿ ದುಡ್ಡಿಲ್ಲದೆ ಸಿಗುತ್ತಿದೆ. ಮೊನ್ನೆ ಹಬ್ಬಕ್ಕೆ ಬಂದವನು ಬಾಳೆಎಲೆ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಉಂಡ. ಆ ಎರಡು ಮಂಡಿಗಳನ್ನೇ ನೋಡುತ್ತಾ ನಾನು ಊಟ ಮರೆತೆ. ನಾನು ಹಾಗೆ ಕೂತು 40 ವರ್ಷದ ಮೇಲಾಯಿತು.

ಪರೀಕ್ಷೆಯ ಫಲಿತಾಂಶ ನಿನ್ನದು. ಯಾರಿಗೆ ಯಾವಾಗ ಹೇಳಬೇಕು ಅನ್ನುವುದೂ ನಿನ್ನದೇ. ಆದರೆ ಮದುವೆಯಾಗುವ ಹುಡುಗನಿಗೆ ನಿಶ್ಚಿತಾರ್ಥಕ್ಕೆ ಮೊದಲು ಹೇಳು, ಅದೂ ನಿನ್ನ ಬಾಯಿಂದಲೇ. ಕೇಳಿ ಎದ್ದು ಹೋದರೆ ಹೋಗಲಿ. ಮುಂದೆ ಬಸುರಿಯಾದಾಗ ಮಗುವಿಗೆ ಹೊಟ್ಟೆಯಲ್ಲೇ ಪರೀಕ್ಷೆ ಮಾಡಿಸಬಹುದು. ಮಾಡಿಸಬೇಕೋ ಬೇಡವೋ ನೀವಿಬ್ಬರೇ ಯೋಚಿಸಿ. ಅದರಲ್ಲಿ ನಾನಾಗಲಿ ಅಕ್ಕನಾಗಲಿ ಬಾಯಿ ಹಾಕುವುದಿಲ್ಲ. ಯಾರ ಹತ್ತಿರವಾದರೂ ಬಿಚ್ಚಿ ಮಾತಾಡಬೇಕು ಅನ್ನಿಸಿದರೆ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ. ಅದನ್ನು ಕಟ್ಟಿ ಬೆಳೆಸಿದ ಡಾ. ಸುರೇಶ್ ಹನಗವಾಡಿಯವರಿಗೂ ಇದೇ ತೊಂದರೆ. ಅಲ್ಲಿಗೆ ಹೋದ ದಿನವೇ ನಾನು ಮೊದಲ ಸಲ ನನ್ನ ಹಾಗೆ ಕುಂಟುವ ಇನ್ನೊಬ್ಬರನ್ನು ಕಂಡದ್ದು.

ಈ ಪತ್ರವನ್ನು ಅಕ್ಕನಿಗೂ ಓದಿ ಹೇಳು. ಅವಳು ಬೇಡ, ಬೇಡ ಅಂದರೆ ಸಿಟ್ಟಾಗಬೇಡ. ಅವ್ವನಿಗೆ ಜನ ಅಂದ ಮಾತುಗಳನ್ನೆಲ್ಲ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡವಳು ಅವಳು. ಭಾನುವಾರ ಬೆಳಗಿನ ರೈಲಿಗೆ ಹೊರಟು ಬರುತ್ತೇನೆ, ನನ್ನ ಹಳೇ ಫೈಲೂ ತರುತ್ತೇನೆ. ಸೋಮವಾರ ಮೂವರೂ ಒಟ್ಟಿಗೆ ಹೋಗಿ ರಕ್ತ ಕೊಟ್ಟು ಬರೋಣ. ಲಿಫ್ಟ್ ಇರುವ ಲ್ಯಾಬ್ ನೋಡಿಡು, ನನಗೆ ಮೆಟ್ಟಿಲು ಕಷ್ಟ.

ಇಂತಿ,
ನಿನ್ನ ಮಾವ